ಸದರ್ನ್ ಅವೆನ್ಯೂದಲ್ಲಿ ಕುಳಿತು ಕೇಳಿದ ಬ್ಲೂಸ್

ಟಿಕೆಟಿನ ಮೇಲೆ ಸೀಟ್ ನಂಬರ್ ಇತ್ತು. ನಿಜ ಹೇಳಬೇಕೆಂದರೆ ಅದನ್ನು ನೋಡಿದ ಮೇಲೆಯೇ ನಾನು ಹೋಗಲು ಒಪ್ಪಿಕೊಂಡದ್ದು.

ಡಿಸೆಂಬರಿನ ಒಂದು ಶುಕ್ರವಾರ. ಕೌಂಟರ್ ಮುಚ್ಚಿ, ಕ್ಯಾಷ್ ಟ್ಯಾಲಿ ಆಗಿ, ಎಲ್ಲರ ಮುಖಕ್ಕೂ ಒಂದಿಷ್ಟು ಕಳೆ ಬಂದ ಹೊತ್ತಿನಲ್ಲಿ ನಮ್ಮ ಬ್ಯಾಂಕ್ ಶಾಖೆಯ ಹಿರಿಯ ಕ್ಯಾಷಿಯರ್ ನನ್ನ ಮೇಜಿನ ಮುಂದೆ ಬಂದು ನಿಂತರು. ಶಾಖೆಯಲ್ಲಿ ಎಲ್ಲರೂ ಅವರನ್ನು ಬರೀ ‘ದಾದಾ’ ಎನ್ನುತ್ತಾರೆ, ನಾನೂ ಹಾಗೇ. ‘ನಾಳೆ ಸಂಜೆ ಸದರ್ನ್ ಅವೆನ್ಯೂ ಹತ್ತಿರ ಬ್ಲೂಸ್ ಇದೆ. ನುಡಿಸುವವನಿಗೆ 74 ವರ್ಷ. ಬರ್ತೀಯಾ?’ ಎಂದರು.

ಬ್ಲೂಸ್ ಎಂದರೆ ನನಗೆ ನೆನಪಾದದ್ದು ಬೇರೆಯವರ ಮೊಣಕೈ. ಆರು ವರ್ಷದ ಹಿಂದೆ ಧಾರವಾಡದಿಂದ ಇಲ್ಲಿಗೆ ವರ್ಗವಾಗಿ ಬಂದ ಹೊಸದರಲ್ಲಿ ಸಹೋದ್ಯೋಗಿಗಳು ಒಂದು ಪಬ್ಬಿಗೆ ಎಳೆದುಕೊಂಡು ಹೋಗಿದ್ದರು. ಎರಡೂವರೆ ಗಂಟೆ ಗೋಡೆಗೆ ಆತು ನಿಂತಿದ್ದೆ. ಗಾಯಕ ಏನು ಹಾಡಿದ, ಯಾವ ಭಾಷೆಯಲ್ಲಿ ಹಾಡಿದ, ಒಂದೂ ತಿಳಿಯಲಿಲ್ಲ. ಪಕ್ಕದವನ ಮೊಣಕೈ ನನ್ನ ಪಕ್ಕೆಲುಬಿಗೆ ತಾಳ ಹಾಕುತ್ತಿದ್ದುದು ಮಾತ್ರ ಚೆನ್ನಾಗಿ ನೆನಪಿದೆ. ಅಂದೇ ಇದು ನಮ್ಮಂಥವರಿಗಲ್ಲ ಎಂದು ಕೈಬಿಟ್ಟಿದ್ದೆ.

ಆದರೆ ದಾದಾ ತೋರಿಸಿದ ಟಿಕೆಟಿನಲ್ಲಿ ‘ಇ-11’ ಎಂದು ಬರೆದಿತ್ತು. ಕುರ್ಚಿ ಇದೆ! ಕುರ್ಚಿ ಇದ್ದರೆ ನಾವು ಧಾರವಾಡದವರು ಯಾವ ಸಂಗೀತಕ್ಕೂ ಹೆದರುವುದಿಲ್ಲ.

ಇಲ್ಲಿರುವ ಕನ್ನಡಿಗರಿಗೆ ಸದರ್ನ್ ಅವೆನ್ಯೂದ ಪರಿಚಯ ಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ದಕ್ಷಿಣ ಕೋಲ್ಕತ್ತದ ಗೋಲ್‌ಪಾರ್ಕ್‌ನಿಂದ ಪಶ್ಚಿಮಕ್ಕೆ ಸಾಗುವ ಅಗಲವಾದ ರಸ್ತೆ ಇದು. ಕಾಗದದ ಮೇಲೆ ಇದರ ಹೆಸರು ವಿಜ್ಞಾನಿ ಡಾ. ಮೇಘನಾದ ಸಾಹಾ ಸರಣಿ. ಹಾಗೆಂದರೆ ಟ್ಯಾಕ್ಸಿಯವರೂ ಒಂದು ಕ್ಷಣ ಯೋಚಿಸುತ್ತಾರೆ. ಒಂದು ಬದಿಗೆ ರವೀಂದ್ರ ಸರೋಬರ. 1920ರ ದಶಕದಲ್ಲಿ ನಗರ ಬೆಳೆಸುವಾಗ ಜವುಗು ನೆಲ ಅಗೆದು ಮಾಡಿದ ಕೆರೆ ಅದು. 1958ರಲ್ಲಿ ಟ್ಯಾಗೋರರ ಹೆಸರು ಬಂತು, ಆದರೂ ಊರಿನವರ ಬಾಯಲ್ಲಿ ಇಂದಿಗೂ ಬರೀ ‘ಲೇಕ್’. ಇನ್ನೊಂದು ಬದಿಯ ಗಲ್ಲಿಗಳಲ್ಲಿ ಹತ್ತು ಹದಿನೈದು ನಿಮಿಷ ನಡೆದರೆ ಲೇಕ್ ಮಾರ್ಕೆಟ್. ಫಿಲ್ಟರ್ ಕಾಫಿ ಪುಡಿ, ಕರಿಬೇವು, ಬಾಳೆ ಎಲೆ, ಮಲ್ಲಿಗೆ ದಂಡೆ ಎಲ್ಲ ಸಿಗುವ, ತಮಿಳರು ಬೆಳೆಸಿ ನಾವೂ ಹಂಚಿಕೊಂಡಿರುವ ಪೇಟೆ. ನಾನು ಬಾಡಿಗೆಗೆ ಇರುವುದು ಅದರ ಹಿಂದಿನ ಓಣಿಯಲ್ಲಿ.

ಈ ರಸ್ತೆಗೂ ಕುಳಿತು ಕೇಳುವ ಸಂಗೀತಕ್ಕೂ ಹಳೆಯ ನಂಟು. ಕೆರೆಯಂಗಳದಲ್ಲಿರುವ ನಜ್ರುಲ್ ಮಂಚದ ಹೆಸರನ್ನು ಈಚಿನವರು 2022ರ ಮೇ 31ರಂದು ಕೇಳಿರುತ್ತಾರೆ. ಹಿನ್ನೆಲೆ ಗಾಯಕ ಕೆಕೆ ಕೊನೆಯ ಬಾರಿ ಹಾಡಿದ್ದು ಅಲ್ಲೇ. ಆದರೆ ಸಂಗೀತದವರಿಗೆ ಆ ಜಾಗವೆಂದರೆ ಡೋವರ್ ಲೇನ್ ಸಮ್ಮೇಳನ. 1952ರಲ್ಲಿ ಹತ್ತಿರದ ಓಣಿಯೊಂದರಲ್ಲಿ ಶುರುವಾಗಿ ಓಣಿಯ ಹೆಸರನ್ನೇ ಉಳಿಸಿಕೊಂಡು ಬೆಳೆದ ಸಂಗೀತೋತ್ಸವ. ಜನವರಿಯ ಚಳಿಯಲ್ಲಿ ರಾತ್ರಿಯಿಡೀ ನಡೆಯುತ್ತದೆ. ಮಂಕಿ ಟೋಪಿ, ಶಾಲು, ಫ್ಲಾಸ್ಕಿನಲ್ಲಿ ಚಹಾ. ನಾನು ಮೊದಲ ಸಲ ಹೋದಾಗ ನಸುಕಿನ ಮೂರಕ್ಕೆ ಕಣ್ಣು ಮುಚ್ಚಿದೆ. ಪಕ್ಕದ ಸೀಟಿನ ಮುದುಕಿಯೊಬ್ಬರು ಸರಿಯಾಗಿ ಭೈರವಿಗೆ ನನ್ನ ಭುಜ ತಟ್ಟಿ ಎಬ್ಬಿಸಿದರು. ಯಾವ ಪರಿಚಯವೂ ಇಲ್ಲ! ಕೇಳದೆ ಹೋದರೆ ಇವನಿಗೆ ನಷ್ಟ ಎಂಬ ಕಾಳಜಿ ಅಷ್ಟೆ.

ನಮ್ಮವರಿಗೆ ಈ ಊರು ಹೊಸದಲ್ಲ. ಗದಗಿನ ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಓಡಿಹೋದ ಹುಡುಗ ಭೀಮಸೇನ ಜೋಶಿ ಕಲ್ಕತ್ತೆಯಲ್ಲಿ ನಟ ಪಹಾಡಿ ಸಾನ್ಯಾಲರ ಮನೆಯಲ್ಲಿ ಆಳಾಗಿ ಕೆಲಸ ಮಾಡಿದ್ದರು. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲೇ ಇಲ್ಲಿನ ಸಮ್ಮೇಳನದಲ್ಲಿ ಹಾಡಿ ಹೋಗಿದ್ದರು. ಇದನ್ನೆಲ್ಲ ನಾನು ಬೀಗುತ್ತ ಹೇಳಿದಾಗ ದಾದಾ ಒಂದು ಮಾತು ಹೇಳಿ ನನ್ನ ಬಾಯಿ ಮುಚ್ಚಿಸಿದರು. ‘ನಿಮ್ಮ ಬೆಂಗಳೂರಿನ ಕಾರ್ಲ್‌ಟನ್ ಕಿಟ್ಟೊ ಗೊತ್ತಾ?’ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಹುಟ್ಟಿ, 1970ರ ದಶಕದಲ್ಲಿ ಈ ಊರಿಗೆ ಬಂದು, ಇಲ್ಲೇ ನೆಲೆಸಿ, ಜಾಜ್ ಗಿಟಾರನ್ನು ಬಿಡದೆ ಹಿಡಿದು, ಕಲ್ಕತ್ತಾ ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲಿ ಮಕ್ಕಳಿಗೆ ಪಾಠ ಹೇಳಿ, 2016ರ ನವೆಂಬರಿನಲ್ಲಿ ಇಲ್ಲೇ ತೀರಿಕೊಂಡ ವಾದಕ. ಭಾರತದ ಜಾಜ್ ಚರಿತ್ರೆ ಹುಡುಕುವ ‘ಫೈಂಡಿಂಗ್ ಕಾರ್ಲ್‌ಟನ್’ ಎಂಬ ಸಾಕ್ಷ್ಯಚಿತ್ರದ ಹೆಸರಿನಲ್ಲಿರುವುದು ಅವರೇ. ನಾನು ಈ ಊರಿಗೆ ಬರುವ ಹೊತ್ತಿಗೆ ಅವರಿರಲಿಲ್ಲ. ಭೀಮಸೇನರ ಹೆಸರು ಹೇಳಿದರೆ ಎದೆಯುಬ್ಬಿಸುವ ನಮಗೆ, ನಮ್ಮದೇ ಊರಿನಲ್ಲಿ ಹುಟ್ಟಿದ ಈ ಮನುಷ್ಯನ ಹೆಸರು ಗೊತ್ತಿಲ್ಲದೆ ಹೋದದ್ದು ಹೇಗೆ? ಅದು ಅಂದು ರಾತ್ರಿ ಸ್ವಲ್ಪ ಚುಚ್ಚಿತು.

ಶನಿವಾರ ಸಂಜೆ ಆರೂವರೆಗೆ ಹೋದೆವು. ಮುಖ್ಯ ರಸ್ತೆಯಿಂದ ಒಂದು ತಿರುವು ಒಳಗೆ, ಸುಮಾರು 200 ಕುರ್ಚಿಗಳ ಹಳೆಯ ಸಭಾಂಗಣ. ಮಡಚುವ ಸೀಟು, ಕೂತರೆ ಕಿರುಗುಟ್ಟುತ್ತದೆ. ಬಂದವರಲ್ಲಿ ಮುಕ್ಕಾಲು ಪಾಲು ಐವತ್ತು ದಾಟಿದವರು. ಒಬ್ಬರ ಕೈಯಲ್ಲಿ ಊರುಗೋಲು, ಇನ್ನೊಬ್ಬರ ಕೈಯಲ್ಲಿ ಸ್ವೆಟರ್ ತುಂಬಿದ ಚೀಲ. ಪಬ್ಬಿನಲ್ಲಿ ನಾನು ಕಂಡ ಯಾವ ಮುಖವೂ ಇಲ್ಲ. ವೇದಿಕೆ ಮೇಲೆ ಮರದ ಕುರ್ಚಿ, ಅದರ ಮೇಲೊಂದು ತೆಳು ದಿಂಬು, ಪಕ್ಕದಲ್ಲಿ ಸ್ಟೂಲು, ಸ್ಟೂಲಿನ ಮೇಲೆ ನೀರು. ಹಿಂದೆ ಡ್ರಮ್ಸ್ ಮತ್ತು ಬಾಸ್ ಗಿಟಾರಿನ ಇಬ್ಬರು ಯುವಕರು.

ಅವರು ನಿಧಾನವಾಗಿ ನಡೆದು ಬಂದರು. ಹೆಸರು ಬರೆಯುವುದಿಲ್ಲ, ಕೊನೆಗೆ ಕೇಳಿದಾಗ ಅವರೇ ಬೇಡ ಎಂದರು. ಬೂದು ಬಣ್ಣದ ಕೋಟು, ಕಿವಿ ಮುಚ್ಚುವ ಟೋಪಿ. ಕೂತರು. ಮೊಣಕಾಲು ಸರಿಮಾಡಿಕೊಳ್ಳಲು ಒಂದು ನಿಮಿಷ ಹಿಡಿಯಿತು. ಸಭೆ ಕಾಯಿತು. ಆಮೇಲೆ ಗಿಟಾರಿನ ತಂತಿಗಳನ್ನು ಒಂದೊಂದಾಗಿ ಮೀಟುತ್ತ ಬಿರಟೆ ತಿರುಗಿಸತೊಡಗಿದರು. ತಂತಿ ಬಿಗಿಯಾಗುತ್ತಿರಲಿಲ್ಲ, ಸಡಿಲವಾಗುತ್ತಿತ್ತು. ಸ್ವರ ಕೆಳಗಿಳಿಯುತ್ತ ಹೋಯಿತು. ದಾದಾ ಕಿವಿಯಲ್ಲಿ, ‘ಒಂದು ಸ್ವರ ಪೂರ್ತಿ ಇಳಿಸಿದ. ಈಗ ಅವನ ಗಂಟಲಿಗೆ ಅಷ್ಟೇ’ ಎಂದರು. ಆಗ ಅದು ನನಗೆ ದೊಡ್ಡ ವಿಷಯ ಎನ್ನಿಸಲಿಲ್ಲ.

ಬ್ಲೂಸಿನ ಕಟ್ಟಡವನ್ನು ನಾನು ಅರ್ಥ ಮಾಡಿಕೊಂಡದ್ದು ಅಂದು, ಆ ಕುರ್ಚಿಯಲ್ಲಿ ಕೂತು, ಬೆರಳಲ್ಲಿ ಎಣಿಸುತ್ತ. ನಾಲ್ಕು ಮಾತ್ರೆಗೆ ಒಂದು ಘಟ್ಟ, ಅಂಥ 12 ಘಟ್ಟಕ್ಕೆ ಒಂದು ಸುತ್ತು. ಒಟ್ಟು 48 ಮಾತ್ರೆ. ಸುತ್ತು ಷಡ್ಜದಲ್ಲಿ ನೆಲೆನಿಂತು, ಮಧ್ಯಮಕ್ಕೆ ಹೋಗಿ, ಮನೆಗೆ ಮರಳಿ, ಪಂಚಮವನ್ನು ಮುಟ್ಟಿ, ಮತ್ತೆ ಮನೆಗೆ ಬರುತ್ತದೆ. ಸಾಹಿತ್ಯವೂ ಹಾಗೆಯೇ. ಒಂದು ಸಾಲು ಹೇಳುವುದು, ಅದೇ ಸಾಲನ್ನು ಇನ್ನೊಮ್ಮೆ ಹೇಳುವುದು, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವುದು. ಎರಡನೆಯ ಸಲ ಹೇಳುವಾಗ ಮಾತು ಅದೇ, ಕೆಳಗಿನ ಆಧಾರ ಬದಲಾಗಿರುತ್ತದೆ. ಹಾಗಾಗಿ ಕೇಳುವವನಿಗೆ ಅದು ಬೇರೆ ಮಾತಿನಂತೆ ಕೇಳುತ್ತದೆ. ಇನ್ನು ಗಾಂಧಾರದ ವಿಷಯ. ಕೋಮಲವೂ ಅಲ್ಲದ, ಶುದ್ಧವೂ ಅಲ್ಲದ, ನಡುವೆ ಎಲ್ಲೋ ತಂತಿಯನ್ನು ಎಳೆದು ಹಿಡಿಯುವ ಗಾಂಧಾರ. ಪಿಯಾನೋದಲ್ಲಿ ಅದಕ್ಕೆ ಮನೆಯೇ ಇಲ್ಲ. ಗಿಟಾರಿನಲ್ಲಿ ಬೆರಳಿನಿಂದ ತಂತಿ ದೂಡಿ ಹುಡುಕಿಕೊಳ್ಳಬೇಕು. ಮೀಂಡ್ ಕೇಳಿ ಬೆಳೆದ ಕಿವಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಮೂರನೆಯ ಹಾಡಿಗೆ ಅವರು ಕಿರುಬೆರಳಿಗೆ ಗಾಜಿನ ಕೊಳವೆ ತೊಟ್ಟುಕೊಂಡರು. ಬಾಟಲಿಯ ಕುತ್ತಿಗೆ ಕತ್ತರಿಸಿ ಮಾಡಿದ್ದಂತೆ. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಮಿಸಿಸಿಪ್ಪಿಯ ಟಟ್‌ವೈಲರ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ತಡವಾದ ರೈಲಿಗೆ ಕಾಯುತ್ತಿದ್ದ ಡಬ್ಲ್ಯು.ಸಿ. ಹ್ಯಾಂಡಿ ಎಂಬ ಬ್ಯಾಂಡ್ ನಾಯಕ, ಹರಕು ಬಟ್ಟೆಯ ಕಪ್ಪು ಮನುಷ್ಯನೊಬ್ಬ ಗಿಟಾರಿನ ತಂತಿಯ ಮೇಲೆ ಚಾಕು ಜಾರಿಸಿ ಹಾಡುವುದನ್ನು ಕೇಳಿ ಬೆರಗಾದನಂತೆ. ಆಮೇಲೆ 1914ರಲ್ಲಿ ‘ಸೇಂಟ್ ಲೂಯಿಸ್ ಬ್ಲೂಸ್’ ಬರೆದವನು ಅವನೇ. ಆ ಹಾಡುಗಾರನ ಹೆಸರು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಈ ಜಾರುವ ಗಿಟಾರು ಕೋಲ್ಕತ್ತಕ್ಕೂ ಹೊಸತಲ್ಲ. ಇಲ್ಲಿನ ಎಷ್ಟೋ ಮನೆಗಳಲ್ಲಿ ಒಂದು ಕಾಲಕ್ಕೆ ಹವಾಯಿಯನ್ ಗಿಟಾರಿನಲ್ಲಿ ರವೀಂದ್ರ ಸಂಗೀತ ನುಡಿಸುವ ಒಬ್ಬ ಚಿಕ್ಕಪ್ಪನೋ ಅಕ್ಕನೋ ಇದ್ದೇ ಇರುತ್ತಿದ್ದರು. ಅದೇ ವಾದ್ಯವನ್ನು ಹಿಂದೂಸ್ತಾನಿಗೆ ಒಗ್ಗಿಸಿಕೊಂಡ ದೇಬಾಶಿಶ್ ಭಟ್ಟಾಚಾರ್ಯ ಈ ಊರಿನವರೇ.

ಮಧ್ಯಂತರದಲ್ಲಿ ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿಯುತ್ತ ದಾದಾ ತಗಾದೆ ಶುರುಮಾಡಿದರು. ಬ್ಲೂಸ್ ಕುಳಿತು ಕೇಳುವುದೇ ತಪ್ಪು ಎಂಬುದು ಅವರ ವಾದ. ಟಿಕೆಟ್ ಕೊಡಿಸಿದವರೂ ಅವರೇ ಎಂಬುದನ್ನು ಮರೆಯಬಾರದು. ಹತ್ತಿ ಹೊಲದಲ್ಲಿ ವಾರವಿಡೀ ದುಡಿದವರು ಶನಿವಾರ ರಾತ್ರಿ ಕುಡಿದು ಕುಣಿಯಲು ಕಟ್ಟಿದ ಹಾಡಿದು, ಇದನ್ನು ನಾಟಕದ ಮನೆಯಲ್ಲಿ ಕೂರಿಸಿದರೆ ಅರ್ಧ ಸತ್ತಂತೆ ಎಂದರು. ಹೊಲ ಬಿಟ್ಟು ರೈಲು ಹತ್ತಿ ಷಿಕಾಗೊ, ಡೆಟ್ರಾಯಿಟ್ ಸೇರಿದ ಲಕ್ಷಾಂತರ ಜನರ ಜತೆ ಹಾಡೂ ಹೋಯಿತು. ಮಡ್ಡಿ ವಾಟರ್ಸ್ 1943ರಲ್ಲಿ ಮಿಸಿಸಿಪ್ಪಿಯಿಂದ ಷಿಕಾಗೊಕ್ಕೆ ಹೋದ. ಅಲ್ಲಿನ ಹೋಟೆಲುಗಳ ಗದ್ದಲದಲ್ಲಿ ಮರದ ಗಿಟಾರು ಕೇಳುವುದಿಲ್ಲವೆಂದು ಎಲೆಕ್ಟ್ರಿಕ್ ಹಿಡಿದ. ‘ನಿಂತವರ ಗದ್ದಲವಿಲ್ಲದಿದ್ದರೆ ಈ ಸಂಗೀತದ ಅರ್ಧ ಹುಟ್ಟುತ್ತಲೇ ಇರಲಿಲ್ಲ’ ಎಂದರು ದಾದಾ. ಮುಂಬೈಯ ಮೆಹಬೂಬ್ ಸ್ಟುಡಿಯೊದಲ್ಲಿ 2011ರಿಂದ ನಡೆದು ಬಂದ ಮಹೀಂದ್ರ ಬ್ಲೂಸ್ ಉತ್ಸವಕ್ಕೆ ರಜೆ ಹಾಕಿ ಹೋಗಿ, 1936ರಲ್ಲಿ ಹುಟ್ಟಿದ ಬಡಿ ಗೈಯನ್ನು ನಿಂತೇ ಕೇಳಿ ಬಂದವರು ಅವರು. ಅವರಿಗೆ ಹಕ್ಕಿದೆ.

ನಾನು ಒಪ್ಪಲಿಲ್ಲ. ಬಿ.ಬಿ. ಕಿಂಗ್ ಕೊನೆಯ ವರ್ಷಗಳಲ್ಲಿ ಕುರ್ಚಿಯಲ್ಲಿ ಕೂತೇ ನುಡಿಸುತ್ತಿದ್ದರು ಎಂದು ನೆನಪಿಸಿದೆ. 2015ರಲ್ಲಿ ತೀರಿಕೊಂಡಾಗ ಅವರಿಗೆ 89. ನುಡಿಸುವವನು ಕೂತ ಮೇಲೆ ಕೇಳುವವನಿಗೆ ಏನು ಕಷ್ಟ? ‘ಅದು ಮಂಡಿಯ ಮಾತು, ಸಂಗೀತದ ಮಾತಲ್ಲ’ ಎಂದು ದಾದಾ ಕುಡಿಕೆಯನ್ನು ಬುಟ್ಟಿಗೆ ಎಸೆದರು. (ಇದನ್ನು ಬರೆಯುವಾಗ ಗೊತ್ತಾಯಿತು, ಅಮೆರಿಕದ ಮೆಂಫಿಸ್ ನಗರದಲ್ಲೂ ಒಂದು ಸದರ್ನ್ ಅವೆನ್ಯೂ ಇದೆ, ಆ ಹೆಸರಿನದೇ ಒಂದು ಬ್ಲೂಸ್ ಬ್ಯಾಂಡೂ ಇದೆ. ದಾದಾಗೆ ಇನ್ನೂ ಹೇಳಿಲ್ಲ. ಹೇಳಿದರೆ ಇನ್ನೊಂದು ವಾರ ಕೆಲಸ ಸಾಗುವುದಿಲ್ಲ.)

ಎರಡನೆಯ ಭಾಗದಲ್ಲಿ ಅವರು ತಾವೇ ಬಂಗಾಳಿಯಲ್ಲಿ ಕಟ್ಟಿದ ಹಾಡೊಂದನ್ನು ಎತ್ತಿಕೊಂಡರು. ಬಾಲಿಗಂಜ್ ಸ್ಟೇಷನ್ನಿನಲ್ಲಿ ಕ್ಯಾನಿಂಗ್ ಕಡೆಯ ಕೊನೆಯ ಲೋಕಲ್ ತಪ್ಪಿಸಿಕೊಂಡ ಮನುಷ್ಯನ ಹಾಡು. ಅವನ ಚೀಲದಲ್ಲಿ ಮಗಳಿಗೆ ಕೊಂಡ ಬಳೆಗಳಿವೆ, ಬೆಳಗಿನವರೆಗೆ ಕಾಯಬೇಕು. ಅಷ್ಟೇ ಕಥೆ. ನನಗೆ ಅರ್ಧಂಬರ್ಧ ಬಂಗಾಳಿ ಬರುತ್ತದೆ, ಆದರೂ ತಿಳಿಯಿತು. ಒಂದೇ ಸಾಲನ್ನು ಎರಡು ಸಲ ಹೇಳುವ ಹಾಡಿನಿಂದ ಪರಭಾಷೆಯವನಿಗೆ ಆಗುವ ಉಪಕಾರ ಇದು! ಹುಬ್ಬಳ್ಳಿಗೆ ನೇರ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ವೇಟಿಂಗ್ ಲಿಸ್ಟ್ ನೋಡುತ್ತ ಎಷ್ಟೋ ಹಬ್ಬ ಕಳೆದ ನನಗೆ ಆ ಮನುಷ್ಯ ಪರಕೀಯ ಎನ್ನಿಸಲಿಲ್ಲ.

ಮೂರನೆಯ ಸುತ್ತಿನಲ್ಲಿ, ಗಿಟಾರು ಒಂಟಿಯಾಗಿ ನುಡಿಯಬೇಕಾದ ಕಡೆ, ಅವರ ಬೆರಳು ತಪ್ಪಿತು. ಸಣ್ಣ ತಪ್ಪಲ್ಲ. ಸ್ವರ ಸತ್ತು ಬರೀ ತಂತಿಯ ಟಕ್ ಶಬ್ದ ಬಂತು. ಅವರು ಕೈ ಎತ್ತಿದರು. ಡ್ರಮ್ಸಿನ ಹುಡುಗ ಸದ್ದು ತಗ್ಗಿಸಿ ಲಯ ಬಿಡದೆ ಕಾದ. 200 ಜನರಲ್ಲಿ ಯಾರೂ ಕೆಮ್ಮಲಿಲ್ಲ, ಯಾರ ಕುರ್ಚಿಯೂ ಕಿರುಗುಟ್ಟಲಿಲ್ಲ. ಅವರು ಎಡಗೈಯ ಬೆರಳುಗಳನ್ನು ಒಮ್ಮೆ ಬಿಚ್ಚಿ ಮಡಚಿ, ಪೂರ್ತಿ ಒಂದು ಸುತ್ತು ಏನನ್ನೂ ನುಡಿಸದೆ ಹೋಗಗೊಟ್ಟು, ಮುಂದಿನ ಸುತ್ತಿನ ಮೊದಲ ಮಾತ್ರೆಗೆ ಒಂದೇ ಒಂದು ಸ್ವರ ಮೀಟಿದರು. ಆಮೇಲೆ ಇನ್ನೊಂದು. ಇಪ್ಪತ್ತು ಸ್ವರ ಬರಬೇಕಾದ ಜಾಗದಲ್ಲಿ ನಾಲ್ಕೈದು. ಆ ಎಳೆದು ಹಿಡಿದ ಗಾಂಧಾರ ಮಾತ್ರ ಅಲ್ಲಾಡಲಿಲ್ಲ. ದಾದಾ ಪಕ್ಕದಲ್ಲಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ನನಗೆ ಆ ಹೊತ್ತಿನಲ್ಲಿ ನೆನಪಾದದ್ದು ಹುಬ್ಬಳ್ಳಿಯ ನನ್ನ ಮನೆಯ ಗೃಹಪ್ರವೇಶ.

ಅಪ್ಪ ಊರಿನ ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ಅದಕ್ಕಿಂತ ಹೆಚ್ಚಾಗಿ ಭಜನಾ ಮೇಳದ ಮುಂದಾಳು. ಶರೀಫರ ತತ್ವಪದ, ವಚನ, ದಾಸರ ಪದ ಎಲ್ಲ ಅವರಿಗೆ ಬಾಯಿಪಾಠ. ಹಾರ್ಮೋನಿಯಂ ಅವರದೇ. ಅಪ್ಪ ಒಂದು ನುಡಿ ಹೇಳುವುದು, ಹಿಂದಿನವರು ಅದನ್ನೇ ಎತ್ತಿ ಹೇಳುವುದು. ಹೀಗೆ ಬೆಳಗಾಗುವ ತನಕ. ಮೂರು ವರ್ಷದ ಹಿಂದೆ ಹೊಸ ಮನೆಯ ಅಂಗಳದಲ್ಲಿ ಶಾಮಿಯಾನ ಹಾಕಿ ಭಜನೆ ಇಟ್ಟಿದ್ದೆ. ಆ ಹೊತ್ತಿಗೆ ಅಪ್ಪ ಹಲ್ಲು ತೆಗೆಸಿಕೊಂಡಿದ್ದರು, ಕಟ್ಟಿಸಿದ ಹಲ್ಲು ಇನ್ನೂ ಒಗ್ಗಿರಲಿಲ್ಲ. ಹಾರ್ಮೋನಿಯಂ ಹಿಡಿದಿದ್ದು ಮೇಳದ ಹೊಸ ಹುಡುಗ. ಒಂದು ಕಡೆ ಊಟದ ಪಾಳಿ, ಇನ್ನೊಂದು ಕಡೆ ಮಕ್ಕಳ ಕಿರುಚಾಟ, ನನ್ನ ಬ್ಯಾಂಕಿನ ಗೆಳೆಯರು ಕೈಯಲ್ಲಿ ತಟ್ಟೆ ಹಿಡಿದು ನಿಂತು ಮಾತಾಡುತ್ತಿದ್ದರು. ಅಪ್ಪನ ದನಿ ಮೇಲಿನ ಸ್ವರಕ್ಕೆ ಹೋದಾಗಲೆಲ್ಲ ಒಡೆಯುತ್ತಿತ್ತು. ಧ್ವನಿವರ್ಧಕ ಆ ಒಡಕನ್ನು ಇಡೀ ಕಾಲೊನಿಗೆ ಕೇಳಿಸುತ್ತಿತ್ತು. ಯಾರೋ ನಕ್ಕರು. ನಾನು ಹೋಗಿ ಅಪ್ಪನ ಕಿವಿಯಲ್ಲಿ, ‘ಸಾಕು ಬಿಡಪ್ಪಾ, ಊಟಕ್ಕ ಏಳು. ಹುಡುಗರು ಹಾಡ್ಲಿ’ ಎಂದೆ.

ಅಪ್ಪ ಎದ್ದರು. ಊಟ ಮಾಡಿದರು. ಅಂದಿನಿಂದ ಹಾಡಿಲ್ಲ.

ಅವರ ಮುಜುಗರ ತಪ್ಪಿಸಿದೆ ಎಂದೇ ನಾನು ಮೂರು ವರ್ಷ ತಿಳಿದಿದ್ದೆ. ಸೀಟ್ ಇ-11ರಲ್ಲಿ ಕೂತಾಗ ಬೇರೆ ಲೆಕ್ಕ ಬಂತು. ಅಂದು ತಪ್ಪಿಸಿಕೊಂಡದ್ದು ನನ್ನ ಮುಜುಗರವನ್ನೇ. ಈ ಮುದುಕನ ಕೈ ತಪ್ಪಿದ್ದು ಅಪ್ಪನ ದನಿ ಒಡೆದದ್ದಕ್ಕಿಂತ ಕಡಿಮೆಯದೇನಲ್ಲ. ಇಲ್ಲಿ ಮಾತ್ರ 200 ಜನ ಕೂತು ಕಾದರು, ಹಿಂದಿನ ಹುಡುಗ ಲಯ ಹಿಡಿದು ಕಾದ. ಧಾರವಾಡದಲ್ಲಿ ಇದು ಗೊತ್ತಿಲ್ಲದ ಸಂಗತಿಯೇ? ಮಲ್ಲಿಕಾರ್ಜುನ ಮನ್ಸೂರರು 81 ವರ್ಷ ಬದುಕಿ 1992ರಲ್ಲಿ ತೀರಿಕೊಳ್ಳುವ ಹೊತ್ತಿನವರೆಗೆ ಅವರನ್ನು ಕೂತು ಕೇಳಿದ ಊರು ಅದು. ಗಂಗೂಬಾಯಿಯವರ ದನಿ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಂಡುದನಿಯಾದಾಗ ಆ ದನಿಯನ್ನೇ ತಲೆಯ ಮೇಲಿಟ್ಟುಕೊಂಡ ಊರು. ದೊಡ್ಡವರಿಗೆ ಕೊಟ್ಟ ಆ ಸೈರಣೆಯನ್ನು ಮನೆಯ ಮಾಸ್ತರರಿಗೆ ಕೊಡಲು ನನ್ನಿಂದ ಆಗಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ದಾದಾ ನನ್ನನ್ನು ವೇದಿಕೆಯ ಹಿಂದೆ ಕರೆದುಕೊಂಡು ಹೋದರು. ಅವರು ಟೋಪಿ ತೆಗೆದು ಬಿಸಿನೀರು ಕುಡಿಯುತ್ತಿದ್ದರು. ಇವನು ಧಾರವಾಡದವನು ಎಂದು ದಾದಾ ಹೇಳಿದ್ದೇ ತಡ, ‘ಭೀಮಸೇನ್‌ಜಿಯ ಕಡೆಯವನು!’ ಎಂದು ಎರಡೂ ಕೈ ಹಿಡಿದುಕೊಂಡರು. ಹಳೆಯ ಪಾರ್ಕ್ ಸ್ಟ್ರೀಟಿನ ಮಾತು ಬಂತು. ಟ್ರಿಂಕಾಸ್, ಮೊಕಾಂಬೊ, ಬ್ಲೂ ಫಾಕ್ಸ್, ಮೂಲಾಂ ರೂಜ್ ಹೋಟೆಲುಗಳಲ್ಲಿ ರಾತ್ರಿ ಬ್ಯಾಂಡ್ ನುಡಿಯುತ್ತಿದ್ದ ಕಾಲ, ಉಷಾ ಉತ್ತುಪ್ ಸೀರೆಯುಟ್ಟು ಟ್ರಿಂಕಾಸ್‌ನಲ್ಲಿ ಹಾಡಲು ಬಂದ ಕಾಲ. ಅದಕ್ಕೂ ಹಿಂದೆ ಗ್ರ್ಯಾಂಡ್ ಹೋಟೆಲಿನಲ್ಲಿ ಟೆಡಿ ವೆದರ್‌ಫರ್ಡ್ ಎಂಬ ಅಮೆರಿಕದ ಕಪ್ಪು ಪಿಯಾನೊ ವಾದಕ ಬ್ಯಾಂಡ್ ನಡೆಸಿದ್ದ, 1945ರಲ್ಲಿ ಇದೇ ಊರಿನಲ್ಲಿ ಕಾಲರಾ ಬಂದು ಸತ್ತ. ಷಿಕಾಗೊದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಜತೆ ನುಡಿಸಿದ್ದವನು. ‘ನನ್ನ ಮೊದಲ ಗುರು ಅವನನ್ನು ಕಿಟಕಿಯ ಹೊರಗೆ ನಿಂತು ಕೇಳಿದ್ದನಂತೆ’ ಎಂದು ಆ ಹಿರಿಯರು ನಕ್ಕರು.

ಇವತ್ತಿನ ಹಾಗೆ ಕೂತು ಕೇಳುವ ಸಭೆ ಹಿತವಲ್ಲವೇ ಎಂದು ಕೇಳಿದೆ. ಮೆಚ್ಚುಗೆಯ ಮಾತು ಬರಬಹುದು ಎಂದುಕೊಂಡಿದ್ದೆ. ಅವರು ತಲೆಯಲ್ಲಾಡಿಸಿದರು. ‘ಭಯ ಆಗುತ್ತೆ’ ಎಂದರು. ‘ಮೂವತ್ತು ವರ್ಷ ಊಟ ಮಾಡುವವರ ಮುಂದೆ ನುಡಿಸಿದೆ. ಮುಳ್ಳು ಚಮಚದ ಸದ್ದಿನಲ್ಲಿ ಎಲ್ಲ ತಪ್ಪೂ ಮುಚ್ಚಿಹೋಗುತ್ತಿತ್ತು. ಈಗ ಬೆರಳು ಓಡುವುದಿಲ್ಲ, ಈಗಲೇ ಜನ ಸುಮ್ಮನೆ ಕೂತು ಕೇಳುತ್ತಾರೆ. ಎಂಥ ಅನ್ಯಾಯ ನೋಡು.’

ತಂತಿ ಇಳಿಸಿದ್ದರ ಬಗ್ಗೆ ಕೇಳಿದೆ. ಅದರಲ್ಲಿ ನಾಚಿಕೆ ಪಡುವಂಥದ್ದೇನಿದೆ ಎಂಬಂತೆ ನೋಡಿದರು. ಅರವತ್ತರಲ್ಲಿ ಅರ್ಧ ಸ್ವರ ಇಳಿಸಿದೆ, ಎಪ್ಪತ್ತರಲ್ಲಿ ಇನ್ನರ್ಧ. ಮೊದಮೊದಲು ಬಾಸ್ ನುಡಿಸುವ ಹುಡುಗರು ಗೊಣಗಿದರು. ಆಮೇಲೆ ಅವರೇ ಫೋನ್ ಮಾಡಿ ಇವತ್ತು ಎಲ್ಲಿಗೆ ಇಡೋಣ ಎಂದು ಕೇಳತೊಡಗಿದರು. ಇಷ್ಟು ಹೇಳಿ ಅವರು ಗಿಟಾರನ್ನು ತಾವೇ ಪೆಟ್ಟಿಗೆಗೆ ಇಟ್ಟುಕೊಂಡರು. ಯಾರಿಗೂ ಮುಟ್ಟಗೊಡಲಿಲ್ಲ.

ಹೊರಗೆ ಬಂದು ಶೇರ್ ಆಟೊಗೆ ನಿಂತೆವು. ಹಿಂದೆ ಮೂವರು, ಚಾಲಕನ ಪಕ್ಕ ಒಬ್ಬ. ಇಲ್ಲಿನ ಆಟೊ ಲೆಕ್ಕವೇ ಹಾಗೆ. ಗಿಟಾರ್ ಪೆಟ್ಟಿಗೆಗೂ ಒಂದು ಸೀಟಿನ ಬಾಡಿಗೆ ಕೊಡಬೇಕೆಂದು ಚಾಲಕ ಪಟ್ಟು ಹಿಡಿದ. ಹಿರಿಯರು ವಾದಿಸದೆ ಎರಡು ಸೀಟಿನ ಚಿಲ್ಲರೆ ಎಣಿಸಿಕೊಟ್ಟರು. ಐವತ್ತು ವರ್ಷದಿಂದ ಹೀಗೇ ಕೊಡುತ್ತಿದ್ದೇನೆ ಎಂದರು. ಗಿಟಾರು ಕಿಟಕಿಯ ಬದಿ ಕೂತಿತು, ನಡುವೆ ಅವರು, ಈ ಕಡೆ ದಾದಾ. ನಾನು ನಡೆದೇ ಮನೆಗೆ ಹೋದೆ.

ಹತ್ತು ಗಂಟೆಯಾಗಿತ್ತು, ಆದರೂ ಅಪ್ಪನಿಗೆ ಫೋನ್ ಮಾಡಿದೆ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಫೋನಿನಲ್ಲಿ ಒಂದೂ ಬರಲಿಲ್ಲ. ಸುಮ್ಮನೆ ಒಂದು ಕಛೇರಿಗೆ ಹೋಗಿದ್ದೆ ಎಂದು ಶುರುಮಾಡಿ ಬ್ಲೂಸಿನ ಕಟ್ಟಡವನ್ನು ವಿವರಿಸಿದೆ. ಒಂದು ಸಾಲನ್ನು ಎರಡು ಸಲ ಹೇಳುತ್ತಾರೆ ಎಂದಾಗ ಅಪ್ಪ, ‘ಅದರಾಗೇನೈತಿ, ನಾವೂ ಹಂಗ ಹಾಡತಿದ್ವಿ’ ಎಂದರು. ಬೆರಳು ತಪ್ಪಿದ್ದನ್ನು ಹೇಳಿದೆ. ಹೂಂ ಎಂದರು. ಗಂಟಲಿಗೆ ತಕ್ಕಂತೆ ಗಿಟಾರಿನ ಶ್ರುತಿಯನ್ನು ಒಂದು ಸ್ವರ ಇಳಿಸಿಕೊಂಡರು ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

‘ಇಳಿಸಿದ್ರ ಬಾಜಾದವ್ರು ಒಪ್ಪಿದ್ರೇನು?’

‘ಹೂಂ ಅಪ್ಪಾ. ಅವ್ರೇ ಕೇಳತಾರಂತ, ಎಲ್ಲಿಗಿಡೂಣು ಅಂತ.’

‘ಹುಬ್ಬಳ್ಳ್ಯಾಗ ಆ ಹುಡುಗ ಕರಿ ಎರಡಕ್ಕ ಹಿಡಿದಿದ್ದ’ ಎಂದರು ಅಪ್ಪ. ‘ನನಗ ಬಿಳಿ ಒಂದು ಬೇಕಾಗಿತ್ತು. ಕೇಳ್ಲಿಲ್ಲ ಅಂವ. ನಾನೂ ಹೇಳ್ಲಿಲ್ಲ, ಮಂದಿ ಮುಂದ ಏನ್ ಹೇಳೂದು.’

ಹಾರ್ಮೋನಿಯಂ ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಎರಡಕ್ಕೂ ನಡುವೆ ಮೂರು ಮನೆಗಳ ಅಂತರ. ಒಡೆಯುವ ಗಂಟಲಿಗೆ ಅದು ಬೆಟ್ಟ. ಮೂರು ವರ್ಷ ಆ ಮಾತನ್ನು ಅವರು ಯಾರಿಗೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಏನು ಹೇಳಬೇಕೆಂದು ತಿಳಿಯದೆ ನಾನು ಚಳಿಯ ವಿಷಯ ಎತ್ತಿದೆ. ಅಪ್ಪನೂ ಕಡಲೆ ಬೆಳೆ, ಅವ್ವನ ಮೊಣಕಾಲು ನೋವು ಅಂತ ಮಾತು ತಿರುಗಿಸಿದರು. ಇನ್ನೇನು ಫೋನ್ ಇಡಬೇಕು ಎನ್ನುವಾಗ, ‘ಅಲ್ಲೋ, ಕಲ್ಕತ್ತಾದಾಗ ಹಾರ್ಮೋನಿಯಂ ರೀಡ್ ಸಿಗತಾವೇನು?’ ಎಂದರು.

ಸಿಗದೆ ಏನು? ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿಯೊತ್ತಿ ನುಡಿಸುವ ಹಾರ್ಮೋನಿಯಂ ರೂಪುಗೊಂಡದ್ದೇ ಈ ಊರಿನಲ್ಲಿ. 19ನೇ ಶತಮಾನದ ಕೊನೆಯ ಭಾಗದಲ್ಲಿ ದ್ವಾರಕಾನಾಥ್ ಘೋಷ್ ಅವರ ಡ್ವಾರ್ಕಿನ್ ಕಂಪನಿಯಲ್ಲಿ. ಲಾಲ್‌ಬಜಾರ್ ಕಡೆ ಇವತ್ತಿಗೂ ವಾದ್ಯದ ಅಂಗಡಿಗಳ ಸಾಲೇ ಇದೆ. ಇದನ್ನೆಲ್ಲ ಹೇಳಿ, ಯಾಕೆ ಎಂದು ಕೇಳಿದೆ.

‘ಬಿಳಿ ಒಂದರ ರೀಡ್ ಬುಸು ಬುಸು ಅಂತೈತಿ. ಸರಿ ದನಿ ಬರವಲ್ದು.’

ಎಂದಿನಿಂದ ಹಾಗಾಗಿದೆ ಎಂದು ಕೇಳಬಹುದಿತ್ತು. ಪೆಟ್ಟಿಗೆ ಮುಚ್ಚಿಟ್ಟು ಮೂರು ವರ್ಷವಾಯಿತು ಎಂದುಕೊಂಡಿದ್ದ ನಾನು ಕೇಳಲಿಲ್ಲ. ಹಳೆಯ ರೀಡನ್ನೇ ಬಿಚ್ಚಿ ಕೊರಿಯರಿನಲ್ಲಿ ಕಳಿಸು, ಅಳತೆ ಹಿಡಿದು ತರುತ್ತೇನೆ ಎಂದೆ. ಗುರುವಾರ ಬಂತು. ಹತ್ತಿಯಲ್ಲಿ ಸುತ್ತಿ ಬೆಂಕಿಪೊಟ್ಟಣದಲ್ಲಿಟ್ಟ ಹಿತ್ತಾಳೆಯ ಸಣ್ಣ ಪಟ್ಟಿ, ಜತೆಗೆ ಅಪ್ಪನ ಮಾಸ್ತರಿಕೆಯ ಅಕ್ಷರದಲ್ಲಿ ‘ಬಿಳಿ 1’ ಎಂದು ಬರೆದ ಚೀಟಿ. ಈ ಶನಿವಾರ ಅರ್ಧ ದಿನ ರಜೆ ಹಾಕಿದ್ದೇನೆ. ಅಂಗಡಿಯವನು ಮೋಸ ಮಾಡದ ಹಾಗೆ ನೋಡಿಕೊಳ್ಳಲು ದಾದಾ ಕೂಡ ಬರುತ್ತಾರಂತೆ.